ತೃಪ್ತಿ ಇದೆಯಾ ಅಂತ ಕೇಳಿದರೆ ಸಾಲದು

ಮೆಲ್ಬರ್ನಿನಲ್ಲಿ ಕಸ, ರಸ್ತೆ, ಪಾರ್ಕು, ಲೈಬ್ರರಿ ನೋಡಿಕೊಳ್ಳುವುದು ಆಯಾ ಪ್ರದೇಶದ ಕೌನ್ಸಿಲ್. ಅವರ ಕೆಲಸ ಹೇಗಿದೆ ಅಂತ ಜನರನ್ನೇ ಫೋನಿನಲ್ಲಿ ಕೇಳುವ ಪದ್ಧತಿ ಆ ಊರಿರುವ ವಿಕ್ಟೋರಿಯಾ ರಾಜ್ಯದಲ್ಲಿ 1998ರಿಂದ ಇದೆ. ಕೇಳುವವರು ಕೌನ್ಸಿಲ್‌ನವರಲ್ಲ, ಹೊರಗಿನ ಸಮೀಕ್ಷಾ ಕಂಪನಿಯವರು.

ಒಂದು ಕೌನ್ಸಿಲ್‌ಗೆ ಸಾಮಾನ್ಯವಾಗಿ 400 ಜನ. ಇಷ್ಟೇನಾ ಅನಿಸಬಹುದು. ಆದರೆ ವಯಸ್ಸು, ಗಂಡು-ಹೆಣ್ಣು ಲೆಕ್ಕ ನೋಡಿ ಆರಿಸಿದರೆ ಫಲಿತಾಂಶ ಶೇ 5ರಷ್ಟು ಆಚೀಚೆ ಆಗಬಹುದು, ಅಷ್ಟೇ. ವಾಟ್ಸಾಪಿನಲ್ಲಿ ಲಿಂಕ್ ಬಂತು ಅಂತ ಸಾವಿರಾರು ಜನ ಸುಮ್ನೆ ಒತ್ತಿದ ಉತ್ತರಕ್ಕಿಂತ ಇದಕ್ಕೆ ತೂಕ ಜಾಸ್ತಿ.

'ತುಂಬಾ ಚೆನ್ನಾಗಿದೆ' ಅಂದರೆ 100 ಅಂಕ, 'ಸಾಧಾರಣ'ಕ್ಕೆ 50, 'ತೀರಾ ಕೆಟ್ಟದಾಗಿದೆ' ಅಂದರೆ ಸೊನ್ನೆ. ಹೋದ ವರ್ಷದ ಅಂಕ, ಬೇರೆ ಕೌನ್ಸಿಲ್‌ಗಳ ಸರಾಸರಿ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ವರದಿ ಬರುತ್ತದೆ. ಲೈಬ್ರರಿಗೆ ಒಳ್ಳೆಯ ಅಂಕ, ರಸ್ತೆಗೆ ಕಡಿಮೆ. ಅಲ್ಲೂ ರಸ್ತೆಯದೇ ಗೋಳು!

ಇದೇ ಗುಂಗಿನಲ್ಲಿ ದಾವಣಗೆರೆಯ ನಿಟುವಳ್ಳಿಯಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿ ನೀರಿನ ಬಗ್ಗೆ ಕೇಳಿದೆ.

"ಏನ್ ತೊಂದ್ರಿ ಇಲ್ಲಪ್ಪ, ಬರ್ತತಿ."

"ದಿನಾ ಬರುತ್ತಾ?"

"ದಿನಾ ಎಲ್ಲಿ ಬರ್ತತಿ? ಡ್ರಮ್ ತುಂಬಿಸಿ ಇಟ್ಕಂತೀವಿ."

ದೊಡ್ಡಮ್ಮ ಪೂರ್ತಿ ಅಂಕ ಕೊಟ್ಟುಬಿಟ್ಟರು. ಮೆಲ್ಬರ್ನಿನಲ್ಲಿ ಕಸದ ಗಾಡಿ ಒಂದು ವಾರ ತಪ್ಪಿದರೆ ಜನ ಅಂಕ ಕಳೆಯುತ್ತಾರೆ. ಕಷ್ಟಕ್ಕೆ ಹೊಂದಿಕೊಂಡವರು ತೃಪ್ತಿ ಇದೆ ಅಂದರೆ, ಅದನ್ನು ಸೇವೆ ಚೆನ್ನಾಗಿದೆ ಅಂತ ಬರೆದುಕೊಳ್ಳುವುದು ಅನ್ಯಾಯ ಅಲ್ವಾ? ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಹೊತ್ತು, ದೂರು ಕೊಟ್ಟ ಮೇಲೆ ಎಷ್ಟು ದಿನ ಕಾದಿರಿ, ಲಂಚ ಕೇಳಿದರಾ ಅಂತಲೂ ಕೇಳಬೇಕು. ಇದು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲೇ ನಾಗರಿಕರ ರಿಪೋರ್ಟ್ ಕಾರ್ಡ್, ಅಂದರೆ ಸರ್ಕಾರಿ ಸೇವೆಗಳಿಗೆ ಜನರೇ ಅಂಕ ಕೊಡುವ ಸಮೀಕ್ಷೆ ತಂದಾಗ ಲಂಚದ ಪ್ರಶ್ನೆಯೂ ಅದರಲ್ಲಿತ್ತು. 1999 ಮತ್ತು 2003ರಲ್ಲಿ ಮತ್ತೆ ಕೇಳಿದರು.

ಯಾವ ಊರಿನಲ್ಲಿ ಬದುಕು ಎಷ್ಟು ಸಲೀಸು ಅಂತ ಕೇಂದ್ರ ಸರ್ಕಾರ ಅಳೆದ 2020ರ ಸುಗಮ ಜೀವನ ಸೂಚ್ಯಂಕದಲ್ಲಿ 10 ಲಕ್ಷದೊಳಗಿನ ಜನಸಂಖ್ಯೆಯ ನಗರಗಳ ಪೈಕಿ ದಾವಣಗೆರೆ 9ನೇ ಸ್ಥಾನದಲ್ಲಿತ್ತು. ಅದರಲ್ಲಿ ಶೇ 30ರಷ್ಟು ತೂಕ ಜನರ ಅಭಿಪ್ರಾಯಕ್ಕೆ. ನನಗೆ ನಿಜಕ್ಕೂ ಹೆಮ್ಮೆಯಾಯಿತು. ಆದರೆ ಅದು ಇಡೀ ಊರಿಗೆ ಒಂದೇ ಅಂಕ. ಪಿ.ಜೆ. ಬಡಾವಣೆಯೂ ಹಳೇ ಊರಿನ ಓಣಿಗಳೂ ಅದರಲ್ಲಿ ಕಲಸಿಹೋಗುತ್ತವೆ. ನಮ್ಮಲ್ಲಿ 45 ವಾರ್ಡುಗಳಿವೆ. ಪ್ರತಿ ವಾರ್ಡಿನಲ್ಲೂ ವರ್ಷಕ್ಕೊಮ್ಮೆ ಅವೇ ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲಿಯ ಜನರಿಗೆ ಕಾಣುವ ಹಾಗೆ ಅಂಟಿಸಲಿ. ಓಟು ಕೇಳಲು ಬಂದವರ ಮುಂದೆ ಅದನ್ನು ಹಿಡಿಯಬಹುದು.