ಕಂಡಕ್ಟರ್ ಮೂಗಿಗೆ ಬಿದ್ದ ಪಿನ್ನು

18 ವರ್ಷದಿಂದ ಶಿವಮೊಗ್ಗದಲ್ಲಿ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಪಿಎಚ್‌ಡಿ ಪ್ರಬಂಧ, ವೈಕುಂಠ ಸಮಾರಾಧನೆ ಕಾರ್ಡು. ಬೇರೆಯವರ ತಪ್ಪು ತಿದ್ದಿ ತಿದ್ದಿ ಕನ್ನಡಕದ ನಂಬರ್ ಏರಿದೆ. ಹಾಗಾಗಿ ನನ್ನದೇ ಒಂದು ಮಕ್ಕಳ ಚಿತ್ರಪುಸ್ತಕ ಮಾಡುವಾಗ ತಪ್ಪಾಗುವ ಮಾತೇ ಇಲ್ಲ ಅಂದುಕೊಂಡಿದ್ದೆ.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಬಂಡಲ್‌ಗಳು ಬಂದವು. ದಾರ ಕತ್ತರಿಸಿ ಮೇಲಿನ ಪ್ರತಿ ತೆಗೆದು, ಸೀದಾ ನಡುವಿನ ಪುಟ ಬಿಡಿಸಿದೆ. ಆ ಚಿತ್ರದ ಮೇಲೆ ನನಗೆ ಅಷ್ಟು ಪ್ರೀತಿ. ಎರಡು ಪುಟ ತುಂಬ ಕಂಡಕ್ಟರ್ ಮುಖ. ಮುಖದ ನಡುವೆ ದೊಡ್ಡ ಮೂಗು. ಮೂಗಿನ ಮೇಲೆ, ಅಳೆದು ಹೊಡೆದ ಹಾಗೆ, ಒಂದು ಪಿನ್ನು.

24 ಪುಟದ ಪುಸ್ತಕಕ್ಕೆ ಸೆಂಟರ್ ಪಿನ್ ಹೊಡೆದರೆ ಪಿನ್ನು ಬಂದು ಕೂರುವುದೇ 12-13ನೇ ಪುಟದ ನಡುವೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗಿರಾಕಿಗಳಿಗೆ ನಾನೇ ಸಾವಿರ ಸಲ ಹೇಳಿದ್ದೇನೆ, ನಡುವೆ ಮುಖ ಇಡಬೇಡಿ ಅಂತ. ಆದರೆ ಕಂಪ್ಯೂಟರ್ ಪರದೆಯಲ್ಲಿ ಪಿನ್ನು ಕಾಣುವುದಿಲ್ಲವಲ್ಲ. ಪ್ರೂಫ್ ನೋಡಿದ್ದೂ ಬಿಡಿ ಹಾಳೆಯಲ್ಲಿ.

ನನ್ನ ಹೆಂಡತಿ ಬಂದು ನೋಡಿದಳು. "ರೀ, ಮೂಗುಬೊಟ್ಟು ಚೆನ್ನಾಗಿದೆ" ಅಂದಳು. ಅವಳ ಚೀಟಿ ದುಡ್ಡು ಅದರಲ್ಲಿ ಇತ್ತು, ಅದಕ್ಕೇ ನಾನು ಸುಮ್ಮನಿದ್ದೆ.

ಕಥೆ ಇಷ್ಟೇ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿಗೆ ಅಜ್ಜಿಯೊಬ್ಬಳು ಹಲಸಿನ ಹಣ್ಣು ಹತ್ತಿಸುತ್ತಾಳೆ. ಮಂಡಗದ್ದೆ ಬರುವಷ್ಟರಲ್ಲಿ ಬಸ್ಸೆಲ್ಲ ಘಮಘಮ. ಸಕ್ರೆಬೈಲಿನಲ್ಲಿ ಆನೆ ಬಸ್ಸಿನ ಹಿಂದೆ ಬೀಳುತ್ತದೆ. ಹಣ್ಣಿಗೆ ಟಿಕೆಟ್ ಕೊಡಬೇಕೋ ಬೇಡವೋ ಅನ್ನುವುದು ಕಂಡಕ್ಟರ್ ತಲೆನೋವು. ಕೊನೆಗೆ ಅರ್ಧ ಟಿಕೆಟ್ ಹರಿಯುತ್ತಾನೆ. ನಾನು ಚಿಕ್ಕವನಿದ್ದಾಗ ಆ ದಾರಿಯಲ್ಲಿ ಎಷ್ಟು ಸಲ ಹಲಸಿನ ಹಣ್ಣಿನ ಪಕ್ಕ ಕೂತು ಬಂದಿದ್ದೇನೋ ಲೆಕ್ಕ ಇಲ್ಲ.

ಬರೆಯಲು ಒಂದು ರಾತ್ರಿ ಸಾಕಾಯಿತು. ತಿದ್ದಲು ಐದು ತಿಂಗಳು ಹಿಡಿಯಿತು. ತಿದ್ದಿದವರು ನಮ್ಮ ವಠಾರದ ಮಕ್ಕಳು. ಮೊದಲ ಪ್ರತಿಯಲ್ಲಿ "ನಿರ್ವಾಹಕರು ಸಿಟ್ಟಿಗೆದ್ದು ಗದರಿದರು" ಅಂತ ಬರೆದಿದ್ದೆ. ಎರಡನೇ ಕ್ಲಾಸಿನ ಹುಡುಗಿಗೆ ಓದಲು ಕೊಟ್ಟೆ. ಬೆರಳಿಟ್ಟು "ನಿ... ವಾ..." ಅಂತ ಶುರು ಮಾಡಿದಳು. ಅರ್ಕಾವತ್ತಿನ ಹತ್ತಿರ ಬೆರಳು ನಿಂತುಬಿಟ್ಟಿತು. ಆಮೇಲೆ ಚಿತ್ರ ನೋಡಿ, ತಲೆ ಎತ್ತಿ, ಸಲೀಸಾಗಿ "ಕಂಡಕ್ಟರ್ ಮಾಮ ಬೈದ" ಅಂದಳು. ಪುಸ್ತಕದಲ್ಲಿ ಈಗ ಇರುವುದು ಅದೇ ವಾಕ್ಯ. ನನ್ನದಕ್ಕಿಂತ ಚೆನ್ನಾಗಿದೆ, ಅಲ್ವಾ?

ಹೀಗೆ ಒಂದೊಂದೇ ಒತ್ತಕ್ಷರ ಕಿತ್ತು ಹಾಕುತ್ತಾ ಹೋದೆ. ಎಲ್ಲವನ್ನೂ ಕೀಳಲು ಆಗಲ್ಲ. ಅಜ್ಜಿಯಲ್ಲೇ ಒಂದು ಒತ್ತು ಇದೆ, ಬಸ್ಸಿನಲ್ಲಿ ಇನ್ನೊಂದು. ಆದರೆ "ಆಶ್ಚರ್ಯಚಕಿತರಾದರು" ಅನ್ನುವ ಕಡೆ "ಬಾಯಿ ಬಿಟ್ಟರು" ಅಂದರೆ ಯಾರಿಗೂ ನಷ್ಟ ಇಲ್ಲ. ಅಕ್ಷರ 20 ಪಾಯಿಂಟ್ ಇಟ್ಟೆ. ಸಾಲುಗಳನ್ನು ಎರಡೂ ಕಡೆ ಸಮ ಮಾಡಲಿಲ್ಲ. ಸಮ ಮಾಡಿದರೆ ಪದಗಳ ನಡುವೆ ಕಿಟಕಿ ತೆರೆದ ಹಾಗಾಗುತ್ತದೆ, ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಒಂದು ಪದ ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಬಿದ್ದರಂತೂ ಮುಗಿಯಿತು. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಏನೇನು ಉದುರಿತು ಅಂತ ಬರೆಯಲು ಹೊರಟರೆ ಅದೇ ಇನ್ನೊಂದು ಪುಸ್ತಕ ಆಗುತ್ತದೆ.

ಇನ್ನು ಬಣ್ಣ. ಚಿತ್ರ ಬರೆದವಳು ದಾವಣಗೆರೆಯಲ್ಲಿ ದೃಶ್ಯಕಲೆ ಓದಿದ ಹುಡುಗಿ. ಟ್ಯಾಬ್‌ನಲ್ಲಿ ಬರೆದಳು. ಅಲ್ಲಿ ಹಲಸಿನ ಹಸಿರು ಹೇಗಿತ್ತು ಅಂದರೆ, ಈಗ ತಾನೇ ಮರದಿಂದ ಇಳಿಸಿದ ಹಾಗೆ. ಆದರೆ ಪರದೆಯ ಹಸಿರು ಬೆಳಕಿನದ್ದು. ಪ್ರೆಸ್ಸಿನ ಹಸಿರು ನೀಲಿ, ಹಳದಿ ಶಾಯಿ ಬೆರೆಸಿದ್ದು. ಆರ್‌ಜಿಬಿ ಫೈಲನ್ನು, ಅಂದರೆ ಪರದೆಯ ಬಣ್ಣವನ್ನು, ಪ್ರೆಸ್ಸಿನ ಸಿಎಂವೈಕೆಗೆ ತಿರುಗಿಸಿದ ಕೂಡಲೇ ಹಣ್ಣು ಬಾಡಿತು. ಪ್ರೆಸ್ಸಿನ ಹುಡುಗ ಫೋನ್ ಮಾಡಿ, "ಸಾರ್, ಹಣ್ಣು ಸ್ವಲ್ಪ ಕೊಳೆತಂಗಿದೆ, ಪರವಾಗಿಲ್ವಾ?" ಅಂದ. ಪುಣ್ಯಾತ್ಮ ಕೇಳಿದ್ದೇ ದೊಡ್ಡದು. ಚಿತ್ರದ ಹುಡುಗಿ ಎರಡು ರಾತ್ರಿ ಕೂತು ಹಳದಿ ಜಾಸ್ತಿ ಮಾಡಿ ಕೊಟ್ಟಳು.

ಲೆಕ್ಕ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ಕ್ರೌನ್ 1/4 ಸೈಜು, ಒಂದು ದೊಡ್ಡ ಹಾಳೆಗೆ 8 ಪುಟದಂತೆ ಮೂರು ಫಾರಂ, 130 ಜಿಎಸ್‌ಎಂ ಆರ್ಟ್ ಪೇಪರ್, ರಕ್ಷಾಪುಟಕ್ಕೆ ಮ್ಯಾಟ್ ಲ್ಯಾಮಿನೇಷನ್. ಸಾವಿರ ಪ್ರತಿಗೆ 46,000. ಚಿತ್ರಕ್ಕೆ 36,000. ಅಂದರೆ ಒಂದು ಪ್ರತಿಗೆ 82 ರೂಪಾಯಿ ನನ್ನ ಮನೆ ಬಾಗಿಲಿಗೆ ಬರುವ ಮೊದಲೇ ಖರ್ಚು. ಬೆಲೆ 120 ಇಟ್ಟೆ. ಒಂದು ಅಂಗಡಿಯವರು 40 ಪರ್ಸೆಂಟ್ ಕೇಳಿದರು, ಅದೂ ಮಾರಾಟ ಆದ ಮೇಲೆ ಕೊಡುತ್ತೇವೆ ಅಂತ. ನನಗೆ ಸಿಗುವುದು 72. ಅಂದರೆ ಅಂಗಡಿಯಲ್ಲಿ ಒಂದೊಂದು ಪುಸ್ತಕ ಮಾರಿದಾಗಲೂ ನನ್ನ ಕೈಯಿಂದ ಹತ್ತು ರೂಪಾಯಿ. ಅವರನ್ನು ಬೈಯಲ್ಲ, ಅವರಿಗೂ ಬಾಡಿಗೆ ಇದೆ. ಲೆಕ್ಕ ಹಾಕದೆ ಬೆಲೆ ಅಚ್ಚು ಹಾಕಿಸಿದ್ದು ನಾನು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಖುಷಿಪಟ್ಟಿದ್ದೆ, ಕಾಗದಕ್ಕೆ ಇದೆ ಅನ್ನುವುದು ಬಿಲ್ ಬಂದಾಗ ನೆನಪಾಯಿತು.

ಐಎಸ್‌ಬಿಎನ್‌ಗೆ ಮಾತ್ರ ದುಡ್ಡು ಕೊಡಬೇಡಿ. ಪುಸ್ತಕದ ಆ ಗುರುತಿನ ನಂಬರನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಸ್ವಲ್ಪ ಕಾಯಬೇಕು ಅಷ್ಟೇ. ಪ್ರಕಾಶಕ ಅಂತ ಹೆಸರು ಬಂದ ಮೇಲೆ ಇನ್ನೊಂದು ಕೆಲಸ ಇದೆ. 1954ರ ಕಾಯ್ದೆ ಪ್ರಕಾರ ಹೊಸ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಕಳಿಸಬೇಕು. ನಾನೂ ಕಳಿಸಿದೆ. ನಮ್ಮ ಮಂಡಗದ್ದೆ ಬಸ್ಸು ಕೋಲ್ಕತ್ತ ತಲುಪಿತು.

ಈಗ ಪ್ರಚಾರದ ಕಥೆ.

ಮೊದಲು ಎಲ್ಲರ ಹಾಗೆ ಬಿಡುಗಡೆ ಸಮಾರಂಭ ಇಟ್ಟೆ. ಹಾಲ್ ಬಾಡಿಗೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಉಪ್ಪಿಟ್ಟು ಕೇಸರಿಬಾತು, ಒಟ್ಟು 14,000. ಅತಿಥಿಯೊಬ್ಬರು ಮಕ್ಕಳು ಪುಸ್ತಕ ಓದುವುದಿಲ್ಲ ಅಂತ 50 ನಿಮಿಷ ಮಾತಾಡಿದರು. ಸಭೆಯಲ್ಲಿ ಇದ್ದದ್ದು ಎರಡೇ ಮಕ್ಕಳು. ಒಂದು ನಿದ್ದೆ ಹೋಗಿತ್ತು. ಮಾರಿದ್ದು 31 ಪ್ರತಿ, ಗೌರವ ಪ್ರತಿ ಅಂತ ಹೋಗಿದ್ದು ಸುಮಾರು 60. ಫೇಸ್‌ಬುಕ್‌ನಲ್ಲಿ ಹಾಕಿದೆ, 412 ಲೈಕ್ ಬಂತು, 9 ಆರ್ಡರ್. ಅದರಲ್ಲಿ ಮೂವರು ಇನ್ನೂ ದುಡ್ಡು ಹಾಕಿಲ್ಲ. ಮಂಚದ ಕೆಳಗೆ, ಬೀರು ಮೇಲೆ, ದೇವರ ಮನೆ ಬಾಗಿಲ ಹಿಂದೆ ಬಂಡಲ್ಲೇ ಬಂಡಲ್ಲು.

ಡಿಸೆಂಬರ್ 20ರಿಂದ ಮೂರು ದಿನ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ. ಸ್ನೇಹಿತನ ಮಳಿಗೆಯಲ್ಲಿ ಅರ್ಧ ಟೇಬಲ್ ಕೇಳಿಕೊಂಡೆ. ಎರಡು ಬಂಡಲ್ ಹೊತ್ತು ಬಸ್ ಹತ್ತಿದೆ. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದರು ಅಂತ ಕೇಳಿದ್ದೇವಲ್ಲ, ಅವರನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಕಂಡಕ್ಟರ್ "ಏನ್ರೀ ಇಷ್ಟು ಭಾರ?" ಅಂದರು. ಒಂದು ಪ್ರತಿ ಕೊಟ್ಟೆ. ನಡುಪುಟ ನೋಡಿ ತಮ್ಮ ಮೂಗು ಮುಟ್ಟಿಕೊಂಡರು.

ಮೊದಲ ದಿನ ಊರೆಲ್ಲ, ಸಮ್ಮೇಳನದಲ್ಲಿ ಬಾಡೂಟ ಬೇಕು ಅನ್ನುವ ಮಾತು. ನನ್ನ ಟೇಬಲ್ ಹತ್ತಿರ ಬಂದವರು ಪುಸ್ತಕ ತಿರುಗಿಸಿ ಹಿಂದೆ ಬೆಲೆ ನೋಡುವುದು, "24 ಪುಟಕ್ಕೆ 120ಆ?" ಅನ್ನುವುದು, ಇಟ್ಟು ಹೋಗುವುದು. ಸಂಜೆವರೆಗೆ 11 ಹೋಯಿತು. ನಾನು ಕುರ್ಚಿಯಲ್ಲಿ ಕೂತು ದೊಡ್ಡವರ ಮುಖವನ್ನೇ ನೋಡುತ್ತಿದ್ದೆ. ಮಕ್ಕಳ ಕಣ್ಣಿಗೆ ಆ ಟೇಬಲ್ ಎಟುಕುತ್ತಲೇ ಇರಲಿಲ್ಲ. ಇದು ಹೊಳೆಯಲು ನನಗೆ ಇಡೀ ದಿನ ಬೇಕಾಯಿತು ನೋಡಿ.

ಮಾರನೇ ದಿನ ಮಳಿಗೆಯ ಮುಂದೆ ಒಂದು ಚಾಪೆ ಹಾಸಿದೆ. ಕೆಳಗೆ ಕೂತು ಜೋರಾಗಿ ಓದಲು ಶುರು ಮಾಡಿದೆ. ಮೊದಮೊದಲು ನಾಚಿಕೆ. ಪಕ್ಕದ ಮಳಿಗೆಯವರು ನಕ್ಕರು. ಒಂದು ಮಗು ಬಂದು ನಿಂತಿತು. ಆಮೇಲೆ ನಾಲ್ಕು. "ಬಸ್ಸು ಹೊರಟಿತು" ಅಂದಾಗ ಒಬ್ಬ ಹುಡುಗ "ರೈಟ್ ರೈಟ್!" ಅಂದ. ಪುಸ್ತಕದಲ್ಲಿ ಅದು ಇರಲಿಲ್ಲ. ಮುಂದಿನ ಓದಿನಲ್ಲಿ ಎಲ್ಲರ ಕೈಲೂ ಹೇಳಿಸಿದೆ. 12ನೇ ಪುಟಕ್ಕೆ ಬಂದೆ. ಪುಸ್ತಕ ಪೂರ್ತಿ ಬಿಡಿಸಿ ಅವರ ಕಡೆ ತಿರುಗಿಸಿದೆ. ಹುಡುಗಿಯೊಬ್ಬಳು ಹತ್ತಿರ ಬಂದು ಪಿನ್ನಿನ ಮೇಲೆ ಬೆರಳಿಟ್ಟಳು. ತಣ್ಣಗಿತ್ತೇನೋ. "ನಿಜವಾದ್ದು!" ಅಂತ ಕೂಗಿದಳು.

ಅವಳ ತಾತ ಹಿಂದೆ ನಿಂತು, "ಚೆನ್ನಾಗದೆ ಸಾ, ನೀತಿ ಏನು ಇದ್ರಲ್ಲಿ?" ಅಂತ ಕೇಳಿದರು. ಈ ಪ್ರಶ್ನೆಯನ್ನು ನನಗೆ ನೂರು ಜನ ಕೇಳಿರಬಹುದು. ಹಲಸಿನ ಹಣ್ಣು ಬಸ್ಸಿನಲ್ಲಿ ಬರುವುದಕ್ಕೆ ನೀತಿ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ. ತಡವರಿಸುತ್ತಿದ್ದೆ, ಅಷ್ಟರಲ್ಲಿ ಮೊಮ್ಮಗಳು, "ತಾತ, ಕಂಡಕ್ಟರ್‌ಗೆ ಮೂಗುಬೊಟ್ಟು ಐತೆ ನೋಡು!" ಅಂದಳು. ತಾತ ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡು ಕೊಡಿ ಅಂದರು, ಮಗಳ ಮನೆಗೊಂದು.

ಆಮೇಲೆ ಮಕ್ಕಳೇ ಮಕ್ಕಳನ್ನು ಕರೆತಂದರು. ಪುಸ್ತಕದ ಹೆಸರು ಯಾರಿಗೂ ನೆನಪಿಲ್ಲ, "ಮೂಗುಬೊಟ್ಟು ಕಂಡಕ್ಟರ್ ಬುಕ್ಕು ಎಲ್ಲಿ?" ಅಂತಲೇ ಕೇಳುವುದು. ಎರಡು ದಿನದಲ್ಲಿ 132 ಪ್ರತಿ ಹೋಯಿತು. ನನ್ನ ಗಂಟಲೂ ಹೋಯಿತು.

ಅಲ್ಲಿಂದ ನಾನು ಬೇರೆ ಪ್ರಚಾರ ಬಿಟ್ಟೆ. ಸಂಭ್ರಮ ಶನಿವಾರ, ಮಕ್ಕಳು ಬ್ಯಾಗ್ ತರದ ದಿನ, ಶಾಲೆಗಳಿಗೆ ಹೋಗಿ ಓದುತ್ತೇನೆ. ಹಳ್ಳಿ ಕಡೆ ಪಂಚಾಯಿತಿಯ ಗ್ರಂಥಾಲಯಕ್ಕೂ, ಅದೇ ಅರಿವು ಕೇಂದ್ರಕ್ಕೂ, ಹೋಗುತ್ತೇನೆ. ಅಲ್ಲಿ ಮಾರುವುದಿಲ್ಲ, ಎರಡು ಪ್ರತಿ ಇಟ್ಟು ಬರುತ್ತೇನೆ. ವಾರದೊಳಗೆ ಯಾರದ್ದಾದರೂ ಅಮ್ಮನ ಫೋನ್ ಬರುತ್ತದೆ. ಒಮ್ಮೊಮ್ಮೆ ಬರುವುದೂ ಇಲ್ಲ, ಪೆಟ್ರೋಲ್ ದಂಡ.

ಅಂಚೆಯದ್ದೂ ಹೇಳಿಬಿಡುತ್ತೇನೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ಕೈಕಾಲು ಆಡಲಿಲ್ಲ. 120ರ ಪುಸ್ತಕಕ್ಕೆ ಅರ್ಧ ಬೆಲೆ ಕೊರಿಯರ್‌ಗೇ ಕೊಟ್ಟರೆ ಯಾರು ತರಿಸುತ್ತಾರೆ? 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಬಂತು, 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು. ಅಡುಗೆ ಮನೆ ತಕ್ಕಡಿಯಲ್ಲಿ ತೂಗಿದೆ. ನನ್ನ ಪುಸ್ತಕ ಒಂದಕ್ಕೆ 91 ಗ್ರಾಂ. ತೆಳು ಕವರ್ ಹಾಕಿದರೆ ಮೂರು ಹಿಡಿಯುತ್ತದೆ. ಹಾಗಾಗಿ ಒಂದು ಬೇಕು ಅಂದವರಿಗೆ, "ಪಕ್ಕದ ಮನೆಯವರನ್ನೂ ಕೇಳಿ" ಅನ್ನುತ್ತೇನೆ.

ಈ ವರ್ಷ ಎರಡನೇ ಮುದ್ರಣ ಹಾಕಿಸಿದೆ, 500 ಪ್ರತಿ. ವೃತ್ತಿಯ ಮರ್ಯಾದೆ ಪ್ರಶ್ನೆ, ಕಂಡಕ್ಟರ್ ಮುಖವನ್ನು ಮುಕ್ಕಾಲು ಇಂಚು ಎಡಕ್ಕೆ ಸರಿಸಿದೆ. ಪಿನ್ನು ಈಗ ಬಸ್ಸಿನ ಕಂಬಿಯ ಮೇಲೆ ಬೀಳುತ್ತದೆ. ಕಾಣುವುದೇ ಇಲ್ಲ. ಎಷ್ಟು ನೀಟಾಗಿದೆ ಅಂದರೆ ಪ್ರೆಸ್ಸಿನವರಿಗೂ ತೋರಿಸಿದೆ.

ವಠಾರದ ಹುಡುಗಿಗೆ, ಅದೇ "ಕಂಡಕ್ಟರ್ ಮಾಮ ಬೈದ" ಹುಡುಗಿಗೆ, ಹೊಸ ಪ್ರತಿ ಕೊಟ್ಟೆ. ಈಗ ಮೂರನೇ ಕ್ಲಾಸು. ಸೀದಾ ನಡುಪುಟ ತೆಗೆದು ಮೂಗು ಸವರಿದಳು. ಇನ್ನೊಂದು ಸಲ ಸವರಿದಳು. "ಅಂಕಲ್, ಇದು ಡೂಪ್ಲಿಕೇಟ್" ಅಂತ ವಾಪಸ್ ಕೊಟ್ಟಳು.

ಮೊದಲ ಮುದ್ರಣದ್ದು ಇನ್ನು 38 ಪ್ರತಿ ಬೀರು ಮೇಲಿವೆ. ಬೆಲೆ ಅದೇ 120. ಬೇಕಾದವರು ಬರೆಯುವಾಗ ಮೂಗುಬೊಟ್ಟು ಇರುವುದೋ ಇಲ್ಲದ್ದೋ ಅಂತ ತಿಳಿಸಿ.