ಒಂದೇ ಮೈದಾನದಲ್ಲಿ ಎರಡು ಬಗೆಯ ಬೇಟೆನಾಯಿಗಳು

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ನಡೆದ ಶ್ವಾನ ಪ್ರದರ್ಶನಕ್ಕೆ ಅಣ್ಣನ ಮಗಳು ತನ್ನ ಲ್ಯಾಬ್ರಡಾರ್ ನಾಯಿಯನ್ನು ಕರೆದೊಯ್ದಿದ್ದಳು. ಜೊತೆಗೆ ನಾನೂ ಹೋಗಿದ್ದೆ. ನಾಯಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಮಾಡಿರುವ ತಳಿಗಳ ವಿಂಗಡಣೆಯಲ್ಲಿ ಲ್ಯಾಬ್ರಡಾರ್ ಸೇರಿದ್ದು 8ನೇ ಗುಂಪಿಗೆ. ಮುಧೋಳ ನಾಯಿಗಳನ್ನು ಬೇರೆ ಕಡೆ ನಿಲ್ಲಿಸಿದ್ದನ್ನು ಕಂಡು, ಎರಡೂ ಬೇಟೆನಾಯಿಗಳೇ ಆಗಿರುವಾಗ ಈ ಭೇದವೇಕೆ ಎಂದು ಅವಳು ಕೇಳಿದಳು.

ಉತ್ತರ ನಾಯಿಗಳ ಮೈಮೇಲೆಯೇ ಇತ್ತು. ತೀರ್ಪುಗಾರರು ಲ್ಯಾಬ್ರಡಾರ್‌ನ ಬೆನ್ನಿನ ಕೂದಲನ್ನು ಬೆರಳಿನಿಂದ ಹಿಮ್ಮುಖವಾಗಿ ಸರಿಸಿದಾಗ, ಒರಟಾದ ಹೊರಗೂದಲಿನ ಅಡಿಯಲ್ಲಿ ನೀರು ಒಳಗಿಳಿಯದಂತೆ ತಡೆಯುವ ಮೆತ್ತನೆಯ ಒಳಗೂದಲಿನ ಪದರ ಕಾಣಿಸಿತು. ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣದಾಗುವ ಬಾಲ ಈಜುವಾಗ ಚುಕ್ಕಾಣಿಯ ಕೆಲಸ ಮಾಡುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರು ನೀರಿನ ಕೆಲಸಕ್ಕೆ ಸಾಕುತ್ತಿದ್ದ ನಾಯಿಗಳಿಂದ ಬ್ರಿಟನ್‌ನಲ್ಲಿ ರೂಪುಗೊಂಡ ಈ ತಳಿಯ ಕೆಲಸ, ಕೋವಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಕಚ್ಚಿ ತಂದು ಒಡೆಯನ ಕೈಗೆ ಕೊಡುವುದು.

ಮುಧೋಳದ ನಾಯಿಯಲ್ಲಿ ಎಲ್ಲವೂ ಓಟಕ್ಕಾಗಿಯೇ ಇದೆ. ಆಳವಾದ ಎದೆ, ಒಳಕ್ಕೆ ಸೆಳೆದುಕೊಂಡ ಹೊಟ್ಟೆ, ನೀಳ ಕಾಲುಗಳು. ಪಕ್ಕೆಲುಬು ಎಣಿಸುವಂತಿದ್ದುದರಿಂದ ನೋಡುಗರಲ್ಲಿ ಕೆಲವರು ಅದಕ್ಕೆ ಊಟವೇ ಹಾಕಿಲ್ಲವೆಂದು ಮರುಗಿದರು. ಅದನ್ನು ತಂದಿದ್ದ ಬಾಗಲಕೋಟೆ ಕಡೆಯ ಹಿರಿಯರು, "ಇದು ಮೂಗಿಲೆ ಹುಡುಕೋ ನಾಯಿ ಅಲ್ರೀ, ಕಣ್ಣಿಲೆ ಕಂಡಿದ್ದನ್ನ ಬೆನ್ನತ್ತೋದು. ಮೈ ತುಂಬಿದ್ರ ಓಡೂದಿಲ್ಲ" ಎಂದರು. ಕಣ್ಣನ್ನು ನಂಬಿ ಬೇಟೆಯಾಡುವ ಗ್ರೇಹೌಂಡ್, ಸಲೂಕಿಗಳಂತಹ ನಾಯಿಗಳಿಗೆ ಎಫ್‌ಸಿಐ 10ನೇ ಗುಂಪನ್ನು ಮೀಸಲಿಟ್ಟಿದೆ. ವಾಸನೆ ಹಿಡಿದು ಹೋಗುವ ಬೀಗಲ್‌ನಂಥವು 6ನೆಯದರಲ್ಲಿ, ಹಕ್ಕಿಯ ಸುಳಿವು ಸಿಕ್ಕೊಡನೆ ನಿಶ್ಚಲವಾಗಿ ನಿಂತು ತೋರಿಸುವ ಪಾಯಿಂಟರ್‌ಗಳು 7ನೆಯದರಲ್ಲಿವೆ.

ಅಮೆರಿಕನ್ ಕೆನಲ್ ಕ್ಲಬ್‌ನ ವಿಂಗಡಣೆಯಲ್ಲಿರುವುದು ಏಳೇ ಗುಂಪುಗಳು. ಅಲ್ಲಿ 'ಸ್ಪೋರ್ಟಿಂಗ್' ಎನಿಸಿಕೊಳ್ಳುವುದು ಕೋವಿಯ ಬೇಟೆಗೆ ಒದಗುವ ಪಾಯಿಂಟರ್, ಸೆಟ್ಟರ್, ಸ್ಪ್ಯಾನಿಯಲ್, ರಿಟ್ರೀವರ್‌ಗಳು ಮಾತ್ರ. ಗ್ರೇಹೌಂಡ್ ಮತ್ತು ಬೀಗಲ್ ಎರಡನ್ನೂ ಹೌಂಡ್ ಎಂಬ ಒಂದೇ ಗುಂಪಿಗೆ ಸೇರಿಸಲಾಗಿದೆ. ನೀರಿನಿಂದ ಬೇಟೆ ತರುತ್ತಿದ್ದ ಪೂಡಲ್ ಅಲ್ಲಿ 'ನಾನ್-ಸ್ಪೋರ್ಟಿಂಗ್' ಆಗಿರುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ. ನಾಯಿಯನ್ನು ಅದರ ಹುಟ್ಟುಕಸುಬಿನಿಂದ ಗುರುತಿಸುವ ವಿಂಗಡಣೆಯೇ ಸಾಕುವವರಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಅದಕ್ಕೆ ದಿನವೂ ಏನು ಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಮುಧೋಳ ತಳಿಗೆ ಈಗ ಬೇಡಿಕೆಯೂ ಹೆಚ್ಚಿದೆ. 2016ರಲ್ಲಿ ಭಾರತೀಯ ಸೇನೆ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದ ಮೇಲಂತೂ ನಗರದವರೂ ಕೇಳತೊಡಗಿದ್ದಾರೆ. ಅಂದು ಮಧ್ಯಾಹ್ನ ಅಪಾರ್ಟ್‌ಮೆಂಟ್‌ನಲ್ಲಿ ವಾಸಿಸುವ ಒಬ್ಬರು ಬಂದು, ಹೇಳಿದ ಬೆಲೆಗೇ ಮರಿಯನ್ನು ಕೊಳ್ಳಲು ಸಿದ್ಧರಾದರು. ಹಿರಿಯರು ಬೆಲೆಯ ಮಾತನ್ನೇ ಎತ್ತಲಿಲ್ಲ. ಓಡಿಸಲು ಬಯಲು ಎಷ್ಟಿದೆ ಎಂದು ಕೇಳಿದರು. ಮಹಡಿಯ ಮೇಲಿನ ತಾರಸಿ ಇದೆಯೆಂಬ ಉತ್ತರ ಬಂದಾಗ, ಕೈಮುಗಿದು ಮರಿ ಕೊಡಲಾಗುವುದಿಲ್ಲವೆಂದು ಹೇಳಿಬಿಟ್ಟರು.