ಅಮ್ಮನ ಮುಂದೆ ಬಗ್ಗಿದ ಬಸ್ಸು

ಮಂಗಳವಾರ ಅಣ್ಣನ ಫೋನ್. ಹಲೋ ಅನ್ನುವ ಮೊದಲೇ ಬೈಗುಳ. "ನೀನು ಅಮ್ಮನ್ನ ಪೂರ್ತಿ ಹಾಳು ಮಾಡಿ ಕಳಿಸಿದ್ದೀಯ ಕಣೇ!"

ವಿಷಯ ಇಷ್ಟೇ. ಅಮ್ಮ ಯಾರಿಗೂ ಹೇಳದೆ ಹನುಮಂತನಗರದಿಂದ ಗಾಂಧಿ ಬಜಾರಿಗೆ ಹೋಗಿದ್ದಾಳೆ. ಒಬ್ಬಳೇ, ಬಸ್ಸಿನಲ್ಲಿ. ಎರಡು ಕೆಜಿ ಅವರೆಕಾಯಿ ತಂದಿದ್ದಾಳೆ. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿ ನೋವು. ಅಣ್ಣ ಒಳ್ಳೆಯವನೇ, ಅಮ್ಮನಿಗೆ ಏನೂ ಕಮ್ಮಿ ಮಾಡಿಲ್ಲ. ಆದರೆ ಅವಳನ್ನು ಕೊರಿಯರ್ ಪಾರ್ಸಲ್ ಥರ ನೋಡಿಕೊಳ್ಳುತ್ತಾನೆ. ಇಲ್ಲಿಂದ ಎತ್ತು, ಅಲ್ಲಿ ಇಳಿಸು, ತಲುಪಿದ ಮೇಲೆ ಮೆಸೇಜ್ ಹಾಕು. ಅಷ್ಟು ಕೂಗಾಡಿದವನು ರಾತ್ರಿ ಹಿತಕಿದ ಬೇಳೆ ಸಾರನ್ನು ಎರಡು ಸಲ ಹಾಕಿಸಿಕೊಂಡನಂತೆ, ಅತ್ತಿಗೆ ಹೇಳಿದರು.

ಹಾಳು ಮಾಡಿದ್ದು ನಾನಲ್ಲ, ಜರ್ಮನಿಯ ನ್ಯೂರೆಂಬರ್ಗಿನ ಒಂದು ಬಸ್ಸು.

ಅಮ್ಮ ಸೆಪ್ಟೆಂಬರಿನಲ್ಲಿ ಇಲ್ಲಿ ನನ್ನ ಮನೆಗೆ ಬಂದಿದ್ದಳು. ವೀಸಾ ಲೆಕ್ಕದಲ್ಲಿ ಇರಬಹುದಾದದ್ದು 90 ದಿನ. ಮೊದಲ ವಾರ ಕಿಟಕಿ ಪಕ್ಕ ಕೂತು "ಇದೇನು ಊರೋ, ಒಂದು ನಾಯಿ ಕೂಡ ಬೊಗಳಲ್ಲ" ಅನ್ನುತ್ತಿದ್ದಳು. ಎರಡನೇ ವಾರ ಬಸ್ ಸ್ಟಾಪಿಗೆ ಕರೆದುಕೊಂಡು ಹೋದೆ. ಬಸ್ಸು ಬಂತು, ನಿಂತಿತು, ಉಸ್ಸ್ ಅಂತ ಗಾಳಿ ಬಿಟ್ಟು ಫುಟ್‌ಪಾತಿನ ಕಡೆಗೆ ವಾಲಿತು.

"ಅಯ್ಯೋ, ಪಂಕ್ಚರ್ ಆಯ್ತಾ?"

"ಇಲ್ಲಮ್ಮ. ನೀನು ಹತ್ತಲಿ ಅಂತ ಬಗ್ಗಿದೆ."

"ನನಗಾ?"

ಆ "ನನಗಾ?" ಈ ವಾರವೆಲ್ಲ ನನ್ನ ಕಿವಿಯಲ್ಲೇ ಇದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕರೆದರೆ ಹಿಂದೆ ತಿರುಗಿ ನೋಡುತ್ತಾರಲ್ಲ, ಹಾಗೆ ಕೇಳಿದ್ದಳು. ಒಂದು ಕಾಲು ಫುಟ್‌ಪಾತಿನಿಂದ ಎತ್ತಿ ನೇರ ಬಸ್ಸಿನ ನೆಲಕ್ಕೇ ಇಟ್ಟಳು. ಮೆಟ್ಟಿಲೇ ಇಲ್ಲ. ಇನ್ನೊಂದು ಕಾಲು ಇಡುವ ಮೊದಲು ಒಂದು ಗಳಿಗೆ ಹಾಗೇ ನಿಂತಳು.

ಮೂರನೇ ವಾರದಿಂದ ಅವಳೇ ಹೊರಟಳು. ಜರ್ಮನ್ ಅಂದರೆ "ಹಾಲೋ", "ಡಾಂಕೆ" ಅಷ್ಟೇ. ಪರ್ಸಿನಲ್ಲಿ ನನ್ನ ವಿಳಾಸ ಬರೆದ ಚೀಟಿ. ತಿಂಗಳಿಗೆ 58 ಯೂರೋ ಪಾಸು, ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ. 2026ರ ಜನವರಿಯಿಂದ ಅದೂ 63 ಆಗಿದೆ. ಟರ್ಕಿಯವರ ಅಂಗಡಿಗೆ ಹೋಗಿ ಕೊತ್ತಂಬರಿ ಕಟ್ಟು ತರುತ್ತಿದ್ದಳು. ಡ್ರೈವರೇ ಇಲ್ಲದ ಮೆಟ್ರೋದಲ್ಲಿ ಮುಂದಿನ ಗಾಜಿನ ಹತ್ತಿರ ಕೂತು ಸುಮ್ನೆ ಸುರಂಗ ನೋಡಿಕೊಂಡು ಬರುತ್ತಿದ್ದಳು. ಆ ರೈಲು 2008ರಿಂದಲೇ ಓಡುತ್ತಿದೆ. ನಾನು ಏಳು ವರ್ಷದಲ್ಲಿ ಒಂದು ಸಲವೂ ಅಲ್ಲಿ ಕೂತಿಲ್ಲ.

ಜರ್ಮನಿಯನ್ನು ಹೊಗಳೋಕೆ ಇದನ್ನೆಲ್ಲ ಬರೆಯುತ್ತಿಲ್ಲ. ಊರಿನ ಬಸ್ಸು, ಟ್ರಾಮು ಯಾರಿಗಾದರೂ ಹತ್ತಲು ಬರುವಂತಿರಬೇಕು ಅಂತ ಇಲ್ಲಿನ ಕಾನೂನು 2022ರ ಜನವರಿಯ ಗಡುವು ಇಟ್ಟಿತ್ತು. ಎಲ್ಲ ಸ್ಟಾಪುಗಳೂ ಇನ್ನೂ ಹಾಗಾಗಿಲ್ಲ. ನನ್ನ ಕಣ್ಣು ಉರಿ ಅಂತ ಡಾಕ್ಟರಿಗೆ ಫೋನ್ ಮಾಡಿದರೆ ಹನ್ನೊಂದು ವಾರ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಉರಿ ತಾನೇ ಹೋಯಿತು. ನಮ್ಮ ಹನುಮಂತನಗರದಲ್ಲಿ ಸಂಜೆ ಏಳಕ್ಕೆ ಹೋದರೆ ಎಂಟಕ್ಕೆ ಡ್ರಾಪ್ಸ್ ಹಿಡಿದು ಮನೆಗೆ ಬರಬಹುದು. ಇದನ್ನು ಅಮ್ಮನ ಹತ್ತಿರ ಜೋರಾಗಿಯೇ ಹೇಳಿದ್ದೆ. "ಹೌದು, ಆದ್ರೆ ನಾನು ಹೋಗ್ಬೇಕಂದ್ರೆ ನಿಮ್ಮಣ್ಣಂಗೆ ರಜ ಸಿಗ್ಬೇಕಲ್ಲ" ಅಂದಳು.

ಬೆಂಗಳೂರಲ್ಲಿ ಅವಳಿಗೆ ಬಸ್ಸು ಫ್ರೀ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ದಿನ ಅಮ್ಮನಷ್ಟು ಖುಷಿಪಟ್ಟವರಿಲ್ಲ. ಆಧಾರ್ ತೋರಿಸಿದರೆ ರಾಜ್ಯವೆಲ್ಲ ಸುತ್ತಬಹುದು. ಆದರೆ ಫ್ರೀ ಇರುವುದು ಸಾಮಾನ್ಯ ಬಸ್ಸಿನಲ್ಲಿ. ಅದರ ಮೊದಲ ಮೆಟ್ಟಿಲು ಅವಳ ಮಂಡಿಗಿಂತ ಸ್ವಲ್ಪವೇ ಕೆಳಗೆ. ತಗ್ಗು ನೆಲದ ವೋಲ್ವೋ ಹತ್ತೋಕೆ ಸುಲಭ, ಅದಕ್ಕೆ ದುಡ್ಡು ಕೊಡಬೇಕು. ಈಚೆಗೆ ತಗ್ಗು ನೆಲದ ಎಲೆಕ್ಟ್ರಿಕ್ ಬಸ್ಸುಗಳೂ ಬಂದಿವೆ, ಅಮ್ಮ ಕಾಯುವ ಹೊತ್ತಿಗೆ ಅವು ಬರಬೇಕಷ್ಟೆ. ಇನ್ನು ಸ್ಟಾಪಿನವರೆಗೆ ನಡೆಯುವುದು! ಕಿತ್ತ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರು. ನೋಡಿದವರಿಗೆ ಗೊತ್ತು.

ಬುಧವಾರ ಅಮ್ಮನಿಗೇ ಫೋನ್ ಮಾಡಿದೆ. ಎರಡು ಬಸ್ಸು ಬಿಟ್ಟಳಂತೆ, ಹತ್ತೋಕಾಗದೆ. ಮೂರನೆಯದರಲ್ಲಿ ಕಂಡಕ್ಟರ್ ಹುಡುಗ "ಕೈ ಕೊಡಿ ಅಜ್ಜಿ" ಅಂತ ಎಳೆದು ಹತ್ತಿಸಿ, ಒಬ್ಬ ಹುಡುಗಿಯನ್ನು ಎಬ್ಬಿಸಿ ಸೀಟೂ ಕೊಡಿಸಿದನಂತೆ.

"ನೋಡಮ್ಮ, ಇಲ್ಲಿ ಹೀಗೆ ಯಾರು ಕೈ ಹಿಡೀತಾರೆ?" ಅಂದೆ. ನನಗೆ ಊರಿನ ಬಗ್ಗೆ ಹೆಮ್ಮೆ ಉಕ್ಕಿತ್ತು.

"ಒಳ್ಳೆ ಹುಡುಗ, ಪಾಪ. ಆದ್ರೆ ಅವನು ಎಳೀವಾಗ ಬಸ್ಸಲ್ಲಿದ್ದೋರೆಲ್ಲ ನನ್ನನ್ನೇ ನೋಡಿದ್ರು ಕಣೇ. ಅಲ್ಲಿ ಯಾರೂ ನೋಡ್ತಿರ್ಲಿಲ್ಲ."

ಏಳು ವರ್ಷದಿಂದ ನಾನು ಈ ಊರಿನ ಮೇಲೆ ಹೊರಿಸುತ್ತಾ ಬಂದ ದೂರೇ ಅದು, ಇಲ್ಲಿ ಯಾರೂ ಯಾರನ್ನೂ ನೋಡಲ್ಲ ಅಂತ. ಪಕ್ಕದ ಮನೆಯವರ ಹೆಸರು ಬಾಗಿಲ ಮೇಲೆ ಓದಿ ಗೊತ್ತು, ಅಷ್ಟೇ. ಅದನ್ನೇ ಅಮ್ಮ ಮೂರು ತಿಂಗಳು ಹಬ್ಬದ ಹಾಗೆ ಅನುಭವಿಸಿ ಹೋಗಿದ್ದಾಳೆ. ಅಪ್ಪ, ಅಣ್ಣ, ಅತ್ತಿಗೆ, ಎದುರು ಮನೆಯವರು, ಎಲ್ಲರೂ ಐವತ್ತು ವರ್ಷದಿಂದ ಅವಳನ್ನು ನೋಡುತ್ತಲೇ ಇದ್ದಾರೆ, ಅಲ್ವಾ? ನನಗೆ ತಟ್ಟನೆ ಮಾತು ಹೊರಡಲಿಲ್ಲ.

ಅವಳೇ ಕೇಳಿದಳು: "ಆ ಬಸ್ಸು ಈಗಲೂ ಬಗ್ಗುತ್ತಾ?"

"ದಿನಾ ಬಗ್ಗುತ್ತಮ್ಮ."

"ಹೂಂ. ಸೋಮವಾರ ಮತ್ತೆ ಹೋಗ್ತೀನಿ, ಒಳ್ಳೆ ಸೊಗಡಿರೋ ಕಾಯಿ ಬಂದಿದೆ. ನಿಮ್ಮಣ್ಣಂಗೆ ಹೇಳ್ಬೇಡ."

ಇವತ್ತು ಶುಕ್ರವಾರ. ಅಣ್ಣ ಎರಡು ಸಲ ಫೋನ್ ಮಾಡಿದ್ದ. ನಾನಿನ್ನೂ ಹೇಳಿಲ್ಲ.